ನೆಲ ಮುಟ್ಟದ ಗಾಡಿ

ಅಂದಾನಪ್ಪ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಓದುತ್ತ ಹೋದಂತೆ ನಿಮಗೆ ಅನುಮಾನ ಬರಬಹುದು. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಇಳಕಲ್ಲಿನ ನಮ್ಮ ಓಣಿಯಲ್ಲಿ ಅವನಷ್ಟು ಹಸನಾಗಿ ಸೀರೆ ನೇಯುವವರು ಇನ್ನಿಬ್ಬರು ಸಿಕ್ಕರೆ ಹೆಚ್ಚು. ಅವನಿಗಿದ್ದ ಬೇನೆ ಒಂದೇ. ಆ ಬೇನೆಯ ಹೆಸರು ಷಡ್ಡಕ.

ಷಡ್ಡಕನೆಂದರೆ ಅಂದಾನಪ್ಪನ ಹೆಂಡತಿಯ ತಂಗಿ ಶೀಲಾಳ ಗಂಡ, ಹುನಗುಂದದ ಶಿವಸಂಗಪ್ಪ. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಅವನೊಂದು ಕೆಂಪು ಮೋಟಾರ್ ಸೈಕಲ್ ತೆಗೆದುಕೊಂಡ. ತೆಗೆದುಕೊಳ್ಳಲಿ, ಯಾರು ಬೇಡವೆಂದರು? ಆದರೆ ಇಳಕಲ್ಲಿಗೆ ಬಂದಾಗಲೆಲ್ಲ ಅಂದಾನಪ್ಪನ ಬಾಗಿಲ ಮುಂದೆ ನಿಂತು, ಗಾಡಿ ಬಂದ್ ಮಾಡುವ ಮೊದಲು ಮೂರು ಸಲ ಬುರ್, ಬುರ್, ಬುರ್ ಅನ್ನಿಸಿಯೇ ಇಳಿಯುತ್ತಿದ್ದ. ಗೋಡೆಗೆ ಒರಗಿದ್ದ ಅಂದಾನಪ್ಪನ ಸೈಕಲ್ಲಿನ ಗಂಟೆಯನ್ನು ಒಮ್ಮೆ ಟ್ರಿಣ್ ಅನ್ನಿಸಿ, "ಇನ್ನೂ ಐತೇನ್ರಿ ಅಣ್ಣಾರ ಇದು?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದ. ಆವತ್ತು ಅಂದಾನಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ಅವನ ಮನೆಯ ಎದುರಿಗೇ ನನ್ನ ಅಂಗಡಿ. ನಾನು ಸಂಗಯ್ಯ. ಹುಟ್ಟಿದ್ದು ಪೂಜೆ ಮಾಡಿಸುವ ಅಯ್ಯನವರ ಮನೆತನದಲ್ಲಿ, ಹೊಟ್ಟೆಪಾಡಿಗೆ ಟೇಲರ್. ಖಣದ ಕುಪ್ಪಸ ಹೊಲಿಯುತ್ತ ಕೂತರೆ ಅಂದಾನಪ್ಪನ ಪಡಸಾಲೆಯಿಂದ ಹಿಡಿದು ಹಿಂದಿನ ಮಗ್ಗದ ಕೋಣೆಯ ತನಕ ಕಾಣುತ್ತದೆ. ನಾನಾಗಿ ನೋಡುವುದಿಲ್ಲ, ಕಾಣುತ್ತದೆ ಅಷ್ಟೆ.

ಆ ಮಗ್ಗದ ಕೋಣೆಯಲ್ಲಿ ಕರೆಂಟಿನ ಮಗ್ಗ ಎರಡು. ಮಗ್ಗ ಓಡಬೇಕಾದರೆ ಲಾಳಿಯೊಳಗೆ ಕಂಡಿಕೆ, ಅಂದರೆ ನೂಲು ಸುತ್ತಿದ ಸಣ್ಣ ಕೊಳವೆ, ಬೇಕು, ಕಂಡಿಕೆ ಬೇಕಾದರೆ ಯಾರಾದರೂ ರಾಟಿ ತಿರುಗಿಸಿ ಸುತ್ತಬೇಕು. ಆ ಯಾರಾದರೂ ಎಂದರೆ ಅಂದಾನಪ್ಪನ ಹೆಂಡತಿ ಮಹಾನಂದಾ. ಹದಿನಾಲ್ಕು ವರ್ಷದಿಂದ ಸುತ್ತಿ ಸುತ್ತಿ ಅವಳ ಬಲರಟ್ಟೆ ಬಿದ್ದುಹೋಗಿತ್ತು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ "ಯವ್ವಾ" ಅನ್ನುತ್ತಿದ್ದಳು. ರಾಟಿಗೊಂದು ಸಣ್ಣ ಮೋಟಾರ್ ಹಾಕಿಸಿಕೊಡುತ್ತೇನೆಂದು ಅಂದಾನಪ್ಪ ಐದು ದೀಪಾವಳಿಗಳಿಂದ ಹೇಳುತ್ತಲೇ ಬಂದಿದ್ದ.

2008ರ ದೀಪಾವಳಿ ಮುಗಿದ ವಾರ ಖರೆಯಾಗಿಯೂ ಹೊರಟ. "ಬಾಗಲಕೋಟಿಗೆ ಹೋಗಿ ಮೋಟಾರ ತೊಗೊಂಡs ಬರ್ತೇನಿ" ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡು ಬೆಳಗಿನ ಬಸ್ಸು ಹತ್ತಿದ. ಸಂಜೆ ಮೂರು ಗಾಲಿಯ ಒಂದು ಟಂಟಂ ಗಾಡಿ ಬಂದು ನಿಂತಿತು. ಹಿಂದಿನಿಂದ ನಾಲ್ಕು ಮಂದಿ ಸೇರಿ ಒಂದು ನೀಲಿ ಸ್ಕೂಟರನ್ನು ಇಳಿಸಿದರು.

ಓಣಿಗೆ ಓಣಿಯೇ ಕೂಡಿತು. ಮಹಾನಂದಾ ಕೈಯಲ್ಲಿ ನೂಲಿನ ಉಂಡೆ ಹಿಡಿದುಕೊಂಡೇ ಹೊರಗೆ ಬಂದಳು.

"ಮೋಟಾರ ಎಲ್ಲೈತ್ರಿ?"

"ವಿದ್ಯಾಗಿರ್‍ಯಾಗ ಹೊಸಾ ಅಂಗಡಿ ತಗದಾರ. ಚೀನಾ ಮಾಲು. ಪೆಟ್ರೋಲ್ ಬ್ಯಾಡ, ಲೈಸನ್ಸ್ ಬ್ಯಾಡ, ನಂಬರ್ ಪ್ಲೇಟ್ ಬ್ಯಾಡ. ಕರೆಂಟ್ ತಿಂತೈತಿ, ಅರವತ್ತು ಕಿಲೋಮೀಟರ್ ಓಡ್ತೈತಿ."

"ನಾ ಕೇಳಿದ್ದು ರಾಟಿ ಮೋಟಾರ."

ಅಂದಾನಪ್ಪ ಸ್ಕೂಟರಿನ ಸೀಟು ಒರೆಸುತ್ತ, ತಲೆ ಎತ್ತದೆ ಹೇಳಿದ: "ಇದರಾಗೂ ಮೋಟಾರ ಐತಿ."

ಮಹಾನಂದಾ ಒಳಗೆ ಹೋಗಿ ರಾಟಿಯ ಮುಂದೆ ಕೂತಳು. ಆವತ್ತು ರಾಟಿಯ ಸದ್ದು ಎಂದಿಗಿಂತ ಜೋರಾಗಿತ್ತು.

ಗಾಡಿಗೆ ಕಾಯಿ ಒಡೆಯಲು ನನ್ನನ್ನು ಕರೆದರು. ಅಯ್ಯನವರ ಮನೆತನವೆಂದ ಮೇಲೆ ಇಲ್ಲವೆನ್ನಲಾದೀತೇ? ವಿಭೂತಿ ಹಚ್ಚಿದೆ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ, ಕಾಯಿ ಒಡೆದೆ. ಅಂದಾನಪ್ಪ ಕೂತು ಹಿಡಿಕೆ ತಿರುವಿದ. ಸದ್ದಿಲ್ಲ ಗದ್ದಲವಿಲ್ಲ, ಸ್ಕೂಟರ್ ತಾನಾಗಿ ಮುಂದೆ ಸರಿಯಿತು. ನಿಂಬೆಹಣ್ಣು ಮಾತ್ರ ಒಡೆಯಲಿಲ್ಲ. ಗಾಡಿ ಅಷ್ಟು ಹಗುರ.

ಮೂಲೆಯ ಗ್ಯಾರೇಜಿನ ಪ್ರಭು ಅದರ ಸುತ್ತ ಮೂರು ಸುತ್ತು ತಿರುಗಿ, ಬಗ್ಗಿ, ಮಲಗಿ, ಪಕ್ಕದ ಮುಚ್ಚಳ ಬಿಚ್ಚಿ ನೋಡಿದ. ಇಪ್ಪತ್ತು ವರ್ಷದ ಮಿಸ್ತ್ರಿ ಅವನು. ಮುಖ ಬಿಳಿಚಿಕೊಂಡಿತು.

"ಅಯ್ಯಾರ, ಇದರಾಗ ಏನೂ ಇಲ್ರಿ! ಪ್ಲಗ್ ಇಲ್ಲ, ಕಾರ್ಬೊರೇಟರ್ ಇಲ್ಲ, ಸೈಲೆನ್ಸರ್ ಇಲ್ಲ. ನಾಕು ಬ್ಯಾಟರಿ, ಒಂದಿಷ್ಟು ವಾಯರ್. ಅಂದಾನಪ್ಪಣ್ಣಗ ಖಾಲಿ ಡಬ್ಬಿ ಕೊಟ್ಟು ಕಳಿಸ್ಯಾರ!"

"ನಿನಗ ತಿಳಿಯೂದಿಲ್ಲ ಸುಮ್ನಿರಲೇ. ಚಕ್ರದಾಗs ಮೋಟಾರ ಐತಿ" ಎಂದ ಅಂದಾನಪ್ಪ.

ಮೊದಲ ತಿಂಗಳು ಗಾಡಿ ಅಂದಾನಪ್ಪನನ್ನು ಹೊತ್ತದ್ದಕ್ಕಿಂತ ಅಂದಾನಪ್ಪ ಗಾಡಿಯನ್ನು ತಳ್ಳಿದ್ದೇ ಹೆಚ್ಚು. ಅರವತ್ತು ಕಿಲೋಮೀಟರ್ ಎಂದದ್ದು ಇಪ್ಪತ್ತಕ್ಕೆ ಉಸಿರು ಬಿಡುತ್ತಿತ್ತು. ಏರು ಬಂದರೆ ಹಿಂದೆ ಕೂತವರು ಇಳಿಯಬೇಕು. ಸಂತೆಗೆ ಕರೆದೊಯ್ಯುತ್ತೇನೆಂದು ಒಮ್ಮೆ ನನ್ನನ್ನು ಕೂರಿಸಿಕೊಂಡ. ಕೂತದ್ದು ಮೂರು ನಿಮಿಷ, ಹಿಂದೆ ಹಿಂದೆ ನಡೆದದ್ದು ಅರ್ಧ ತಾಸು. ಎಡಗನ್ನಡಿ ಒಂದು ದಿನ ತಾನಾಗಿ ಕಳಚಿ ಬಿತ್ತು, ನೂಲಿನಿಂದ ಬಿಗಿದು ಕಟ್ಟಿದ. ಆದರೂ ಬಿಡ್ರಿ, ಅಂದಾನಪ್ಪನ ಖುಷಿಗೆ ಪಾರವಿರಲಿಲ್ಲ. ಪಕ್ಕದ ಮನೆಯ ಬಾನುಬಿ ಎಂಬ ಮುದುಕಿಯನ್ನು ಮಂಡಿನೋವಿಗೆಂದು ಎರಡು ಸಲ ದವಾಖಾನೆಗೆ ಒಯ್ದು ಬಂದ. ಮನೆಗೆ ಬಂದವರಿಗೆಲ್ಲ, "ಮುಂದಿನ ತಿಂಗಳ ಷಡ್ಡಕನ ಮನಿ ವಾಸ್ತುಶಾಂತಿ ಐತಿ. ಹುನಗುಂದಕ್ಕ ಗಾಡಿ ಮ್ಯಾಲೆ ಹೋಗಿ ಇಳೀತೇನಿ" ಎಂದು ಸಾರುತ್ತಿದ್ದ. ಹುನಗುಂದಕ್ಕೂ ಫೋನು ಮಾಡಿ ಹೇಳಿಯಾಗಿತ್ತು.

ಈಗ ಗಂಡಾಂತರ ಎಲ್ಲಿತ್ತು ಕೇಳಿ. ಅಂದಾನಪ್ಪನ ಮನೆಗೆ ಮೀಟರು ಎರಡು. ಒಂದು ಮನೆಯದು, ಒಂದು ಮಗ್ಗದ್ದು. ಮಗ್ಗದ ಕರೆಂಟಿಗೆ ಸರಕಾರದ ರಿಯಾಯಿತಿ ಇದೆ. ಅದನ್ನು ಮಗ್ಗಕ್ಕೆ, ಮಗ್ಗದ ಕೆಲಸಕ್ಕೆ ಬಿಟ್ಟು ಬೇರೆಯದಕ್ಕೆ ಬಳಸಿದರೆ ರಿಯಾಯಿತಿಯೂ ಹೋಗುತ್ತದೆ, ಲೈನೂ ಹೋಗುತ್ತದೆ. ಲೈನು ಹೋದರೆ ಮಗ್ಗ ನಿಂತವು, ಮಗ್ಗ ನಿಂತರೆ ಒಲೆ ನಿಂತಿತು. ಇದು ಓಣಿಯ ಕೂಸಿಗೂ ಗೊತ್ತು. ಅಂದಾನಪ್ಪನಿಗೂ ಗೊತ್ತು. ಆದರೆ ಪಡಸಾಲೆಯ ಹಳೆಯ ಸಾಕೆಟ್ಟಿಗೆ ಚಾರ್ಜರ್ ಚುಚ್ಚಿದ ಮೊದಲ ದಿನವೇ ಫ್ಯೂಸು ಸುಟ್ಟಿತ್ತು. ಮಗ್ಗದ ಕೋಣೆಯ ಸಾಕೆಟ್ಟು ಗಟ್ಟಿಯಿತ್ತು. ಇವತ್ತೊಂದು ದಿನ, ಇವತ್ತೊಂದು ದಿನ ಎಂದುಕೊಂಡು ಅಲ್ಲಿಗೇ ಚುಚ್ಚಿದ. ಹೊರಗಿನವರಿಗೆ ಕಾಣದಿರಲೆಂದು ಚಾರ್ಜಿಗೆ ನಿಂತ ಗಾಡಿಯ ಮೇಲೆ ಒಂದು ಹಳೆಯ ಸೀರೆ ಹೊದಿಸುತ್ತಿದ್ದ.

ಅಂಥ ಒಂದು ಮಧ್ಯಾಹ್ನ ಲೈನ್‌ಮನ್ ಖಾಸಿಂಸಾಬ ಮೀಟರ್ ನೋಡಲು ಬಂದ. ಖಾಸಿಂಸಾಬ ಸಾದಾ ಮನುಷ್ಯ. ಹಗಲೆಲ್ಲ ಕಂಬದ ಮೇಲೆ ಇರುವವನಾದ್ದರಿಂದ ನೆಲದ ಮೇಲಿನ ಸುದ್ದಿ ಅವನಿಗೆ ತಡವಾಗಿ ಮುಟ್ಟುತ್ತದೆ. ಮೀಟರ್ ಬರೆದುಕೊಂಡು, ಪುಸ್ತಕದ ಹಿಂದಿನ ಹಾಳೆ ತಿರುವಿ, ಮತ್ತೆ ಮೀಟರ್ ನೋಡಿದ.

"ಅಂದಾನಪ್ಪಣ್ಣ, ಮಗ್ಗ ಎರಡs ಅದಾವಲ್ಲ?"

"ಎರಡs."

"ಯೂನಿಟ್ ಯಾಕೋ ಮೂರು ಮಗ್ಗದ್ದು ಓಡೈತಿ." ಹೀಗೆನ್ನುತ್ತ ಅವನ ಕಣ್ಣು ವಾಯರಿನ ಗುಂಟ ಹೋಗಿ ಸೀರೆ ಹೊದ್ದು ನಿಂತ ಆಕಾರದ ಮೇಲೆ ನಿಂತಿತು. "ಅದೇನೈತಿ?"

"ಅದಾ? ಅದು ಯಂತ್ರ."

"ಎಂಥಾ ಯಂತ್ರ?"

ಅಂದಾನಪ್ಪ ಗಾಬರಿಯಲ್ಲಿ ಸುತ್ತಲೂ ನೋಡಿದ. ಮೂಲೆಯಲ್ಲಿ ಮಹಾನಂದಾ ರಾಟಿ ತಿರುವುತ್ತ ಕೂತಿದ್ದಳು.

"ಕಂಡಿಕಿ ಯಂತ್ರ. ಚೀನಾದ್ದು."

ಮಹಾನಂದಾಳ ರಾಟಿ ಗಕ್ಕನೆ ನಿಂತಿತು. ನನ್ನ ಹೊಲಿಗೆ ಯಂತ್ರವೂ ನಿಂತಿತು.

"ಅದಕ್ಕ ಹ್ಯಾಂಡಲ್ ಯಾಕ?" ಸೀರೆಯ ಅಂಚಿನಿಂದ ಹಿಡಿಕೆ ಹೊರಗೆ ಚಾಚಿಕೊಂಡಿತ್ತು.

"ಹಿಡಕೊಳ್ಳಾಕ."

"ಹೌದು ಬಿಡು" ಎಂದ ಖಾಸಿಂಸಾಬ. ಹಿಡಿಕೆ ಇರುವುದು ಹಿಡಿದುಕೊಳ್ಳಲಿಕ್ಕೇ ಎಂಬುದು ಅವನಿಗೆ ಒಪ್ಪಿಗೆಯಾಯಿತು. ಪುಸ್ತಕದಲ್ಲಿ ಗುಂಡಗೆ ಬರೆದುಕೊಂಡ: "ಮಗ್ಗ ಎರಡು. ಚೀನಾ ಕಂಡಿಕಿ ಯಂತ್ರ ಒಂದು." ನೀರು ಕೇಳಿ ಕುಡಿದು ಹೋದ.

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಕರೆಂಟ್ ಆಫೀಸಿಗೆ ಆ ತಿಂಗಳಷ್ಟೇ ಹೊಸ ಸಾಹೇಬರು ಬಂದಿದ್ದರು. ಸುನೀಲಕುಮಾರ ಎಂದು ಹೆಸರು, ಮಂಡ್ಯ ಕಡೆಯವರು, ಬಿಸಿರಕ್ತ. ಮೀಟರ್ ಪುಸ್ತಕವನ್ನು ಯಾವ ಸಾಹೇಬರೂ ಓದುವುದಿಲ್ಲವೆಂಬ ನಂಬಿಕೆಯ ಮೇಲೆ ಇಡೀ ತಾಲ್ಲೂಕು ನಡೆದುಕೊಂಡು ಬಂದಿತ್ತು. ಇವರು ಓದಿದರು. ಎರಡೇ ದಿನಕ್ಕೆ ಖಾಸಿಂಸಾಬ ಓಡೋಡಿ ಬಂದ.

"ಅಂದಾನಪ್ಪಣ್ಣ, ನಿನ್ನ ದೈವ ತೆರೀತು! ಸಾಹೇಬ್ರು ಭಾಳ ಖುಷ್ ಆಗ್ಯಾರ. ಇಂಥಾ ಯಂತ್ರ ಜಿಲ್ಲಾದಾಗs ಇಲ್ಲಂತ. ಗುರುವಾರ ಹನ್ನೊಂದಕ್ಕ ನೋಡಾಕ ಬರ್ತಾರ. ಓಡಿಸಿ ತೋರಸಬೇಕಂತ. ಫೋಟೋ ತಗಿಸಿ ಬಾಗಲಕೋಟಿಗೆ ಕಳಸ್ತಾರಂತ."

ಗುರುವಾರವೆಂದರೆ ಷಡ್ಡಕನ ವಾಸ್ತುಶಾಂತಿಯ ದಿನ.

ಸುದ್ದಿ ಹಬ್ಬಲು ನಮ್ಮೂರಲ್ಲಿ ಪೇಪರು ಬೇಕಾಗಿಲ್ಲ. ಬುಧವಾರ ಬೆಳಗ್ಗೆ ಬೇರೆ ಓಣಿಯ ನೇಕಾರರು ಹತ್ತು ಹನ್ನೆರಡು ಮಂದಿ, ಗುಳೇದಗುಡ್ಡದಿಂದ ಇಬ್ಬರು, ಚೀನಾ ಯಂತ್ರ ಎಲ್ಲಿದೆಯೆಂದು ವಿಚಾರಿಸುತ್ತ ಬಂದರು. "ಸಾಹೇಬ್ರು ನೋಡೂ ಮುಂಚೆ ಯಾರಿಗೂ ತೋರಿಸಬಾರದಂತ ಆರ್ಡರ್ ಐತಿ" ಎಂದು ನಾನೇ ಅವರನ್ನು ಸಾಗಹಾಕಿದೆ. ನಾನು ಕಾಯಿ ಒಡೆದ ಗಾಡಿಯಲ್ಲವೇ, ನನಗೂ ಜವಾಬ್ದಾರಿ ಬಂದಿತ್ತು. ಅಷ್ಟರಲ್ಲಿ ಬಾನುಬಿ ಕೋಲೂರಿಕೊಂಡು ಬಂದು ನಡುಬಾಗಿಲಲ್ಲಿ ನಿಂತಳು.

"ಏನೋ ಅಂದಾನಪ್ಪ, ಅದು ಕಂಡಿಕಿ ಯಂತ್ರ ಅಂತ ಹೇಳಿಯಂತ? ಮೊನ್ನಿ ಅದರ ಮ್ಯಾಲೆ ಕೂಡ್ರಿಸಿಕೊಂಡು ನನ್ನ ದವಾಖಾನಿಗೆ ಒಯ್ದಿ. ಹಂಗಾರ ನಾ ಏನು ಕಂಡಿಕಿ ಮ್ಯಾಲೆ ಕುಂತಿದ್ನಾ?"

"ಸಾವಕಾಶ ಮಾತಾಡ ಬಾನುಬಿ, ನಿನ್ನ ಕಾಲಿಗೆ ಬೀಳ್ತೇನಿ."

"ಬೀಳು. ಆದ್ರ ಮಂಡಿ ಮುಟ್ಟಬ್ಯಾಡ, ನೋಯ್ತೈತಿ."

ಬಾನುಬಿಯ ಬಾಯಿ ಹೇಗೋ ಮುಚ್ಚಿಸಬಹುದಿತ್ತು. ಮುಚ್ಚಿಸಲಾಗದ ಬಾಯಿ ಮನೆಯೊಳಗೇ ಇತ್ತು. ಅಂದಾನಪ್ಪನ ತಾಯಿ ಗುರುಲಿಂಗವ್ವ. ಎಪ್ಪತ್ತೆರಡು ವರ್ಷದ ಜೀವ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡದೆ ಹನಿ ನೀರು ಮುಟ್ಟದವಳು. ಒಮ್ಮೆಯಾದರೂ ಸುಳ್ಳಾಡಿದ್ದನ್ನು ಈ ಓಣಿ ಕೇಳಿಲ್ಲ. ಬಟ್ಟೆ ಒಯ್ಯಲು ನನ್ನ ಅಂಗಡಿಗೆ ಬಂದರೆ, "ಅಯ್ಯಾರ, ನೀವು ಹೊಲಿದದ್ದು ಚಲೋ ಆಗಿಲ್ರಿ" ಎಂದು ಹತ್ತು ಗಿರಾಕಿಗಳ ಮುಂದೆ ಹೇಳುವಾಕೆ. ಮಗ ಹೋಗಿ ಕೈಮುಗಿದು ಕೂತ.

"ಯವ್ವಾ, ನಾಳಿ ಸಾಹೇಬ್ರು ಕೇಳಿದ್ರ ಅದು ಕಂಡಿಕಿ ಯಂತ್ರ ಅಂತ ಅನ್ನು."

"ಅದು ಗಾಡಿ ಐತ್ಯೋ ಅಂದಾನಿ."

"ಗಾಡಿ ಅಂದ್ರ ನಮ್ಮ ಲೈನ್ ಕಿತ್ತಗೊಂಡು ಹೋಗ್ತಾರ. ಎರಡೂ ಮಗ್ಗ ನಿಂದರ್ತಾವ."

ಗುರುಲಿಂಗವ್ವ ಕೊರಳ ಲಿಂಗ ಮುಟ್ಟಿಕೊಂಡಳು. "ನಾ ಸುಳ್ಳ ಹೇಳೂದಿಲ್ಲ. ನಾಳಿ ಪೂಜಿ ಜರಾ ಉದ್ದ ಮಾಡ್ತೇನಿ. ಪೂಜ್ಯಾಗ ಮಾತಾಡೂದಿಲ್ಲಲ್ಲ, ಯಾರೂ ಕೇಳೂದಿಲ್ಲ. ಅಷ್ಟ ನನ್ನ ಕೈಲೆ ಆಗೂದು."

ಮಧ್ಯಾಹ್ನದ ಹೊತ್ತಿಗೆ ಪ್ರಭು ಹಾರೆ, ಸ್ಪ್ಯಾನರ್, ಸುತ್ತಿಗೆ ಎಲ್ಲ ತಂದು, "ಬಿಚ್ಚಿ ಒಗದು ಬಿಡೂಣೇನ್ರಿ?" ಎಂದ. ಅಂದಾನಪ್ಪ ಗಾಡಿಯನ್ನು ಬಾನುಬಿಯ ಹಿತ್ತಲಲ್ಲಿ ಬಚ್ಚಿಟ್ಟು, ಯಂತ್ರ ಕಳವಾಯಿತೆಂದು ಹೇಳೋಣವೆಂದ. ಹಾಗೆಂದರೆ ಪೊಲೀಸರೂ ಬರುತ್ತಾರೆಂದು ನಾನು ತಿಳಿಹೇಳಿದೆ. ಮೂವರು ಗಂಡಸರು ಗಾಡಿಯ ಸುತ್ತ ಕೂತು ತಲೆ ಕೆರೆದುಕೊಳ್ಳುತ್ತಿದ್ದೆವು. ಆಗ ಮಹಾನಂದಾ ಎದ್ದು ಬಂದಳು. ಒಂದು ತಿಂಗಳಿಂದ ಗಂಡನ ಜೊತೆ ಅನ್ನ-ಸಾರಿನ ಹೊರತು ಮಾತಾಡದಿದ್ದವಳು.

"ಇದರಾಗೂ ಮೋಟಾರ ಐತಿ ಅಂದಿದ್ರಿ?"

"ಐತಿ."

"ಚಕ್ರದಾಗs ಐತಿ ಅಂದಿದ್ರಿ?"

"ಹೌದು."

"ಹಂಗಾರ ಯಾಕ ಕುಂತೀರಿ? ಗಾಡಿ ಸ್ಟ್ಯಾಂಡ್ ಮ್ಯಾಲೆ ನಿಂದರಸ್ರಿ. ಹಿಂದಿನ ಟೈರ್ ಬಿಚ್ರಿ."

ನಾವು ಬಾಯಿ ಬಿಟ್ಟುಕೊಂಡು ನೋಡಿದೆವು. ನೋಡುತ್ತಲೇ ಬಿಚ್ಚಿದೆವು. ಟೈರು ಹೋದ ಮೇಲೆ ಉಳಿದ ಗಾಲಿಯ ಸುತ್ತ ಒಂದು ತಗ್ಗು ಇತ್ತು. ಪಟ್ಟಿಯೊಂದು ಕೂರಲು ಹೇಳಿ ಮಾಡಿಸಿದಂತಿತ್ತು. ಮಹಾನಂದಾ ತನ್ನ ರಾಟಿಯ ದೊಡ್ಡ ಚಕ್ರ ಕಳಚಿ ಬದಿಗಿಟ್ಟಳು. ನೂಲು ಸುತ್ತುವ ಕದಿರನ್ನು ಮಾತ್ರ ಅದರ ಹಲಗೆ ಸಮೇತ ಎಳೆದು ಗಾಡಿಯ ಹಿಂದೆ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಯ್ಯಾರ, ನಿಮ್ಮ ಮಷೀನಿನ ಬೆಲ್ಟ್ ಬೇಕ್ರಿ. ಎರಡೂ."

ಲಗ್ನದ ಕುಪ್ಪಸ ಹದಿನೆಂಟು ಬಾಕಿ ಇದ್ದವು. ಆದರೂ ಕೊಟ್ಟೆ. ಎರಡು ಹೊಲಿಗೆ ಯಂತ್ರದ ತೊಗಲು ಬೆಲ್ಟು ಜೋಡಿಸಿ ಒಂದು ಮಾಡಿ, ಗಾಲಿಗೂ ಕದಿರಿಗೂ ಹಾಕಿದ್ದಾಯಿತು. "ಕೂಡ್ರಿ ಮ್ಯಾಲೆ. ತಿರುವ್ರಿ" ಎಂದಳು ಗಂಡನಿಗೆ.

ಅಂದಾನಪ್ಪ ಅಭ್ಯಾಸಬಲದಿಂದ ಪೂರಾ ತಿರುವಿದ. ಕದಿರಿನಿಂದ ಕಂಡಿಕೆ ಹಾರಿ, ಓಣಿ ದಾಟಿ, ನನ್ನ ಅಂಗಡಿಯೊಳಗೆ ಹೋಗಿ ಬಿತ್ತು. ಬಾನುಬಿ ಅಲ್ಲಾ ಎಂದಳು. ಎರಡನೆಯ ಸಲ ಬೆಲ್ಟು ಕಳಚಿತು. ಮೂರನೆಯ ಸಲ ಮಹಾನಂದಾ ಹಿಂದಿನಿಂದ ಹೇಳುತ್ತ ಹೋದಳು, ಅವನು ತಿರುವುತ್ತ ಹೋದ: "ಇನ್ನೊಂಚೂರ. ಸಾಕು. ಅಷ್ಟs ಹಿಡೀರಿ. ಅಲುಗಬ್ಯಾಡ್ರಿ." ನೂಲು ಸರಸರನೆ ಏರಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದು ಕಂಡಿಕೆ ತುಂಬಿತು. ಮಹಾನಂದಾ ಅದನ್ನು ಬಿಡಿಸಿ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ತನ್ನ ಬಲರಟ್ಟೆಯನ್ನೊಮ್ಮೆ ಮುಟ್ಟಿಕೊಂಡಳು.

ಗುರುವಾರ ಬಂತು. ಸಾಹೇಬರು ಹೋದ ತಕ್ಷಣ ಹುನಗುಂದದ ಬಸ್ಸು ಹಿಡಿಯಬೇಕೆಂದು ಅಂದಾನಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತರ, ಬಿಳಿ ಟೊಪ್ಪಿಗೆ ಹಾಕಿಕೊಂಡು ಗಾಡಿಯ ಮೇಲೆ ಕೂತಿದ್ದ. ಒಳಕೋಣೆಯಲ್ಲಿ ಗುರುಲಿಂಗವ್ವ ಬೆಳಗಿನ ಆರಕ್ಕೆ ಹಿಡಿದ ಪೂಜೆ ಇನ್ನೂ ಬಿಟ್ಟಿರಲಿಲ್ಲ. ಸಾಹೇಬರು ಹನ್ನೊಂದಕ್ಕೆ ಸರಿಯಾಗಿ ಬಂದರು. ಹಿಂದೆ ಖಾಸಿಂಸಾಬ, ಅವನ ಹಿಂದೆ ಅರ್ಧ ಊರು. ಸಾಹೇಬರು ಯಂತ್ರವನ್ನು ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ.

"ಇವರು ಯಾಕೆ ಇದರ ಮೇಲೆ ಕೂತಿದ್ದಾರೆ?"

"ಆಪರೇಟರ್ ಅದಾರ್ರಿ" ಎಂದೆ ನಾನು.

"ಹಿಂದೆ ಇನ್ನೊಬ್ಬರು ಕೂರೋಕೆ ಜಾಗ ಇದೆಯಲ್ಲ?"

"ಇವರು ದಣಿದ್ರ ಅವರು ಮುಂದ ಸರೀತಾರ್ರಿ. ಪಾಳಿ ಮ್ಯಾಲೆ ಕೆಲಸ."

"ಕನ್ನಡಿ ಯಾಕ್ರೀ?"

ಅಂದಾನಪ್ಪನಿಗೆ ಅದೆಲ್ಲಿಂದ ಬುದ್ಧಿ ಬಂತೋ, ನೂಲಿನಿಂದ ಕಟ್ಟಿದ್ದ ಕನ್ನಡಿ ತಿರುಗಿಸುತ್ತ ಹೇಳಿದ: "ಹಿಂದ ಕಂಡಿಕಿ ತುಂಬಿತೋ ಇಲ್ಲೋ ಕುಂತಲ್ಲೇ ನೋಡಾಕ್ರಿ."

"ಹಾರ್ನು?"

"ನೂಲು ಹರಿದ್ರ ಒಳಗಿನವರಿಗೆ ತಿಳೀಬೇಕಲ್ರಿ."

"ಮುಂದೆ ಲೈಟು?"

"ಸಣ್ಣ ಎಳಿ ರೀ ಸಾಹೇಬ್ರ, ಕಣ್ಣಿಗೆ ಕಾಣೂದಿಲ್ಲ."

"ಎಳೆ ಹಿಂದೆ ಇದೆ, ಲೈಟು ಮುಂದೆ ಇದೆ."

"ಚೀನಾದವರು ರೀ" ಎಂದ ಪ್ರಭು ಹಿಂದಿನಿಂದ. "ಅವರಿಗೆ ಏನ್ ಗೊತ್ತಿರತೈತಿ?"

"ಈ ಎಡ-ಬಲದ ಇಂಡಿಕೇಟರು?"

ಮಹಾನಂದಾ ಕದಿರಿನಿಂದ ಕಣ್ಣು ತೆಗೆಯದೆ ಹೇಳಿದಳು: "ಎಡಕ್ಕ ಕೆಂಪು ನೂಲ್ರಿ, ಬಲಕ್ಕ ಬಿಳಿ ನೂಲು." ಖಾಸಿಂಸಾಬ ಅದನ್ನೂ ಬರೆದುಕೊಂಡ.

"ಓಡಿಸಿ" ಎಂದರು ಸಾಹೇಬರು.

ಅಂದಾನಪ್ಪ ತಿರುವಿದ, ಹೆಂಡತಿ ಹೇಳಿದಷ್ಟೇ. ನೂಲು ಏರಿತು. ಒಂದು, ಎರಡು, ಮೂರು ಕಂಡಿಕೆ. ಕೂಡಿದ ನೇಕಾರರು ಅಬಬಬ ಎಂದರು. ನಮ್ಮ ಜೀವ ತಿರುಗಿ ಬಂತು. ಅಷ್ಟರಲ್ಲಿ ಓಣಿಯ ತುದಿಯಿಂದ ಸದ್ದು ಬಂತು, ಬಾಗಿಲ ಮುಂದೆ ಬಂದು ನಿಂತಿತು: ಬುರ್, ಬುರ್, ಬುರ್.

ಜನರನ್ನು ಸರಿಸಿಕೊಂಡು ಶಿವಸಂಗಪ್ಪ ಒಳಗೆ ಬಂದ. ಹೊಸ ರೇಶಿಮೆ ಅಂಗಿ, ಹಣೆ ತುಂಬ ವಿಭೂತಿ.

"ಏನ್ರಿ ಅಣ್ಣಾರ, ಹತ್ತಕ್ಕ ಬರ್ತೇನಿ ಅಂದಾವ್ರು ಇಲ್ಲೇ ಕುಂತೀರಲ್ರಿ! ಅಕ್ಕ ಬರದ ಹಾಲು ಉಕ್ಕಸೂದಿಲ್ಲ ಅಂತ ಶೀಲಾ ಹಟ ಹಿಡದು ಕುಂತಾಳ. ಮಂದಿ ಎಲ್ಲಾ ನಿಮ್ಮ ಚೀನಾ ಸ್ಕೂಟರ್ ನೋಡಾಕ ಬಾಗಲಾಗ ನಿಂತಾರ. ಎಲ್ಲೈತ್ರಿ ಸ್ಕೂಟರ್?"

ಸಾಹೇಬರು ಅಂದಾನಪ್ಪನ ಮುಖ ನೋಡಿದರು. ಅಂದಾನಪ್ಪ ಸ್ಕೂಟರಿನ ಮೇಲೆ ಕೂತೇ ಸ್ಕೂಟರು ಹುಡುಕುವವನಂತೆ ಅತ್ತಿತ್ತ ನೋಡಿದ. ಈ ಒಂದು ದಿನಕ್ಕಾಗಿ ಅವನು ಗಾಡಿ ತಂದದ್ದು. ಈ ಒಬ್ಬ ಮನುಷ್ಯನಿಗೆ ತೋರಿಸಲೆಂದೇ ತಂದದ್ದು.

"ಸ್ಕೂಟರ್ ಎಲ್ಲೀದೋ ಶಿವಸಂಗಪ್ಪ?" ಎಂದ. "ನಂದು ಸೈಕಲ್ಲs ಐತಿ. ಅಲ್ಲಿ ಗ್ವಾಡಿಗೆ ನಿಂತೈತಿ ನೋಡು."

ಶಿವಸಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊರಗೆ ಹೋಗಿ ಸೈಕಲ್ಲಿನ ಗಂಟೆ ಟ್ರಿಣ್ ಅನ್ನಿಸಿ ಬಂದು ಮತ್ತೆ ನಕ್ಕ. ಅಂದಾನಪ್ಪ ತಲೆ ತಗ್ಗಿಸಿ ಹಿಡಿಕೆ ಹಿಡಿದುಕೊಂಡಿದ್ದ.

ಅದೇ ಹೊತ್ತಿಗೆ ಒಳಕೋಣೆಯ ಬಾಗಿಲು ತೆರೆಯಿತು. ಐದು ತಾಸು ಕೂತು ಸೊಂಟ ಹಿಡಿದಿದ್ದ ಗುರುಲಿಂಗವ್ವ, ಎಲ್ಲ ಮುಗಿದಿರಬೇಕೆಂದು ಹೊರಗೆ ಬಂದಳು. ಸಾಹೇಬರ ಮುಂದೆಯೇ ಬಂದು ನಿಂತಳು. ಖಾಸಿಂಸಾಬ, "ಈ ಅವ್ವ ಸುಳ್ಳ ಹೇಳೂದಿಲ್ರಿ ಸಾಹೇಬ್ರ, ಇಡೀ ಇಳಕಲ್ಲಿಗೆ ಗೊತ್ತೈತಿ" ಎಂದು ಬಹಳ ಅಭಿಮಾನದಿಂದ ಪರಿಚಯ ಮಾಡಿಕೊಟ್ಟ. ಅವನ ಕಂಬಕ್ಕೆ ಸಿಡಿಲು ಬಡಿಯಲಿ ಎಂದುಕೊಂಡೆ.

ಸಾಹೇಬರು ಕೈಮುಗಿದರು. "ಅಜ್ಜಿ, ನೀವೇ ಹೇಳಿ. ಇದು ಏನು?"

ಗುರುಲಿಂಗವ್ವ ಮಗನನ್ನು ನೋಡಿದಳು. ಮಗ ಕಣ್ಣು ಮುಚ್ಚಿದ್ದ. ಗಾಡಿಯನ್ನು ನೋಡಿದಳು. ಆಮೇಲೆ ಅದರ ಹಿಂದೆ ಕೂತ ಸೊಸೆಯನ್ನು ನೋಡಿದಳು. ಸೊಸೆಯ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಎಡಗೈಯ ಎರಡು ಬೆರಳ ನಡುವೆ ನೂಲು ತಾನಾಗಿ ಓಡುತ್ತಿತ್ತು. ಬುಟ್ಟಿಯಲ್ಲಿ ಕಂಡಿಕೆ ತುಂಬಿದ್ದವು. ಮುದುಕಿ ಹತ್ತಿರ ಹೋಗಿ ಸೊಸೆಯ ರಟ್ಟೆ ಸವರಿದಳು.

"ಇದು ನಮ್ಮ ಸೊಸಿ ರಟ್ಟಿ ಉಳಿಸಿದ್ದು ರೀ ಯಪ್ಪಾ" ಎಂದಳು. "ಹದಿನಾಲ್ಕು ವರ್ಷ ಆತು. ಇಕಿ ಬಲಗೈಗೆ ಬಿಡುವು ಸಿಕ್ಕದ್ದು ಇವತ್ತs ನಾ ನೋಡಿದ್ದು."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಹಾನಂದಾ ಸೆರಗಿನಿಂದ ಮುಖ ಒರೆಸಿಕೊಂಡಳು. ಬಾನುಬಿ ಗೊಳೋ ಎಂದು ಅತ್ತಳು. ಅವಳಿಗೆ ಅಷ್ಟು ಸಾಕು ಯಾವಾಗಲೂ.

ಸಾಹೇಬರು ಖಾಸಿಂಸಾಬನ ಪುಸ್ತಕ ಇಸಿದುಕೊಂಡು ತಾವೇ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಹಿಂದಿನ ಚಕ್ರ ನೆಲ ಮುಟ್ಟದೆ ಇರುವವರೆಗೆ ಇದು ಕಂಡಿಕೆ ಯಂತ್ರ, ಮಗ್ಗದ ಮೀಟರಿಗೆ ಸೇರಿದ್ದು. ನೆಲ ಮುಟ್ಟಿದ ದಿನ ಲೈನ್ ಕಡಿತ." ಸಹಿ ಹಾಕಿದರು. ಹೊರಡುವಾಗ ಅಂದಾನಪ್ಪನ ಕಿವಿಯ ಹತ್ತಿರ ಬಗ್ಗಿದರು.

"ಮದ್ದೂರಲ್ಲಿ ನಮ್ಮ ಮಾವನವರ ಹತ್ರಾನೂ ಇಂಥದ್ದೇ ಕಂಡಿಕೆ ಯಂತ್ರ ಇದೆ ಕಣ್ರೀ. ಹಸಿರು ಬಣ್ಣದ್ದು. ಅವರು ಅದರ ಮೇಲೆ ತರಕಾರಿ ತರೋಕೆ ಹೋಗ್ತಾರೆ."

ಆವತ್ತು ಮಹಾನಂದಾ ಶಿವಸಂಗಪ್ಪನ ಕೆಂಪು ಗಾಡಿಯ ಹಿಂದೆ ಕೂತು ತಂಗಿಯ ಮನೆಗೆ ಹೋದಳು. ಅಂದಾನಪ್ಪ ಬಸ್ಸಿಗೆ ಹೋದ. ಬಿಚ್ಚಿಟ್ಟ ಟೈರನ್ನು ಗುರುಲಿಂಗವ್ವ ಹಿತ್ತಲಲ್ಲಿ ನೀರಿನ ಕೊಡ ಇಡುವ ಸಿಂಬೆ ಮಾಡಿಕೊಂಡಳು. ನನ್ನ ಬೆಲ್ಟು ಎರಡೂ ತಿರುಗಿ ಬರಲಿಲ್ಲ. ಲಗ್ನದ ಹದಿನೆಂಟು ಕುಪ್ಪಸವನ್ನು ಕೈಯಲ್ಲೇ ಹೊಲಿದೆ, ಗುರುಲಿಂಗವ್ವ ಬಂದು ನೋಡಿ ಚೆನ್ನಾಗಿಲ್ಲವೆಂದಳು.

ವರ್ಷ ಕಳೆಯಿತು. ದಿನಕ್ಕೆ ಮೂರು ತಾಸು ಅಂದಾನಪ್ಪ ಗಾಡಿ ಹತ್ತಿ ಕೂರುತ್ತಾನೆ, ಹಿಂದೆ ಮಹಾನಂದಾ ಕಂಡಿಕೆ ಸುತ್ತುತ್ತಾಳೆ. ಹಾದು ಹೋಗುವವರು, "ಎಲ್ಲೀತನಾ ಬಂದ್ರಿ ಅಂದಾನಪ್ಪಾರ?" ಎಂದು ಕೇಳುತ್ತಾರೆ. ಅವನು ಹಿಂದಿನ ಗಾಲಿ ತಿರುಗಿದಷ್ಟೂ ಕಿಲೋಮೀಟರ್ ಎಣಿಸುವ ಮುಂದಿನ ಮೀಟರು ನೋಡಿ, "ಬಾದಾಮಿ ದಾಟಿ ಬನಶಂಕರಿ ಹತ್ತರ ಅದೇವಿ" ಎಂದು ಗಂಭೀರವಾಗಿ ಹೇಳುತ್ತಾನೆ. ಮಹಾನಂದಾ ಈಗ ಎರಡೂ ಕೈ ಎತ್ತಿ ತಲೆ ಬಾಚಿಕೊಳ್ಳುತ್ತಾಳೆ. ಬಾಚುವಾಗ ಹಾಡುತ್ತಾಳೆ ಕೂಡ.

ಮೊನ್ನೆ ಶಿವಸಂಗಪ್ಪ ಬಂದಿದ್ದ. ಮೂರು ಸಲ ಬುರ್ ಅನ್ನಿಸಿ ಇಳಿದು, ಸೈಕಲ್ಲಿನ ಗಂಟೆ ಹೊಡೆದು ಒಳಗೆ ಬಂದ. ಈ ಸಲ ಅಂದಾನಪ್ಪ ತಲೆ ತಗ್ಗಿಸಲಿಲ್ಲ.

"ನಿನ್ನ ಗಾಡಿ ಇಲ್ಲೀತನಾ ಎಷ್ಟು ಓಡೈತಿ ಶಿವಸಂಗಪ್ಪ?"

"ಒಂಬತ್ತು ಸಾವಿರದ ಎಂಟನೂರ್ರಿ. ಜಿಲ್ಲಾ ಪೂರಾ ತಿರಿಗೇನಿ."

"ಇಲ್ಲಿ ಬಾ. ಇದನ್ನ ಓದು."

ಶಿವಸಂಗಪ್ಪ ಬಗ್ಗಿ ನೋಡಿದ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಹತ್ತು ಸಾವಿರದ ನಾನೂರು ಕಿಲೋಮೀಟರ್. ಒಂದು ಗೇಣು ಸರಿಯದ ಗಾಡಿ. ಅವನು ಚಹಾ ಕೂಡ ಕುಡಿಯದೆ ಹೊರಟ. ಹೋಗುವಾಗ ಬುರ್ ಅನ್ನಿಸಿದ್ದು ಒಂದೇ ಸಲ, ಅದೂ ಗಾಡಿ ಚಾಲೂ ಆಗಬೇಕಲ್ಲ ಎಂದು. ನಾನು ಎಣಿಸಿದ್ದೇನೆ.

ಅಂದಾನಪ್ಪ ಟೊಪ್ಪಿಗೆ ಸರಿಮಾಡಿಕೊಂಡು, ಮೀಸೆಯ ಮೇಲೆ ಕೈಯಾಡಿಸಿ, ಓಣಿಯ ತುಂಬ ಕಣ್ಣು ಹಾಯಿಸಿದ. ನಾವೆಲ್ಲ ನೋಡುತ್ತಿದ್ದೇವೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡ.

"ಏನ್ರಿ" ಎಂದಳು ಮಹಾನಂದಾ ಹಿಂದಿನಿಂದ. "ಮುಂದ ನೋಡಿದ್ದು ಸಾಕು, ಕನ್ನಡ್ಯಾಗ ನೋಡ್ರಿ. ನೂಲು ಹರದು ಎಷ್ಟೊತ್ತಾತು."

ಅಂದಾನಪ್ಪ ಕನ್ನಡಿ ನೋಡಿದ, ಹಾರ್ನ್ ಹೊಡೆದ, ಗಾಡಿ ನಿಲ್ಲಿಸಿದ.